ಹಾಲು ಉಕ್ಕುವ ಮುಂಚೆ

ಕಂಪ್ಯೂಟರ್ ಹೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ಹೇಳಿದ್ದು ಮಾತ್ರ ಹಾಲು ಉಕ್ಕಿದ ಮೇಲೆ.

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಪಿಳ್ಳಪ್ಪನವರ ಹಾಲಿನ ಪುಡಿ ಕಾರ್ಖಾನೆ. ಎಂಬತ್ತೇಳರ ಆ ಬೆಳಿಗ್ಗೆ, ಹಾಲು ಬತ್ತಿಸುವ ದೊಡ್ಡ ಹಂಡೆಯಿಂದ ನೊರೆ ಎದ್ದು, ಮೆಟ್ಟಿಲಿಳಿದು, ಬಾಗಿಲು ದಾಟಿ, ಹೊರಗೆ ನಿಂತಿದ್ದ ಮಾಲೀಕರ ಅಂಬಾಸಿಡರ್ ಕಾರಿನ ಚಕ್ರ ಮುಟ್ಟಿತ್ತು. ಪಿಳ್ಳಪ್ಪನವರು ಪಂಚೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು ನೊರೆಯ ನಡುವೆ ನಿಂತಿದ್ದರು. ಅಷ್ಟು ಹೊತ್ತಿಗೆ ಇಂಜಿನಿಯರ್ ಫಕೀರಪ್ಪ ಕಂಪ್ಯೂಟರ್ ಕೋಣೆಯಿಂದ ಬರಿಗಾಲಲ್ಲಿ ಓಡಿಬಂದ. ಕೈಯಲ್ಲಿ ಪ್ರಿಂಟರಿನಿಂದ ಆಗಷ್ಟೇ ಹರಿದುಕೊಂಡ ಕಾಗದ.

"ಉತ್ತರಾ ಬಂತ್ರೀ ಸಾಹೇಬ್ರ. ಹಂಡೇದ ವಾಲ್ವು ಅರ್ಧಾ ಮುಚ್ಚಬೇಕಂತ್ರೀ. ಇಲ್ಲಾಂದ್ರ ಹಾಲು ಉಕ್ಕತೈತಂತ."

ಪಿಳ್ಳಪ್ಪನವರು ಕಾಗದ ನೋಡಿದರು, ತಮ್ಮ ಪಾದ ನೋಡಿಕೊಂಡರು. "ಇನ್ನೊಂದು ಸಲ ಉಕ್ತದೇನಪ್ಪ, ಇಲ್ಲ ಇದನ್ನೇ ಏಳ್ತಾ ಐತಾ?"

ಸುತ್ತ ಪೊರಕೆ ಹಿಡಿದಿದ್ದವರೆಲ್ಲ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕರು.

"ನಮ್ ಕೊಡಿಗೇಹಳ್ಳಿ ತೋಟದ ಕಾವಲುಗಾರನೂ ಇಂಗೇ. ಕಳ್ಳ ಓದ್ಮೇಲೆ ಕಳ್ಳ ಬಂದ ಅಂತ ಕೂಗ್ತಾನೆ. ಆದ್ರೆ ಅವನಿಗೆ ನಾನು ಏಸಿ ಹಾಕ್ಸಿಕೊಟ್ಟಿಲ್ಲ," ಎಂದರು ಪಿಳ್ಳಪ್ಪನವರು. "ನೋಡು, ಇವತ್ತು ಸಂಜೆ ಹಾಲಿಗೆ ಆ ಡಬ್ಬ ಮೊದ್ಲೇ ಏಳ್ಬೇಕು. ಇಲ್ಲಾಂದ್ರೆ ಡಬ್ಬ ಕೊಟ್ಟೋರ ಅಂಗಡಿಗೆ, ನೀನು ಎಸರಘಟ್ಟಕ್ಕೆ."

ಹೆಸರಘಟ್ಟ ಎಂದರೆ ಕಾರ್ಖಾನೆಯ ಹಾಲು ಸಂಗ್ರಹ ಕೇಂದ್ರ. ಅಲ್ಲಿ ಸೂರ್ಯ ಹುಟ್ಟುವ ಮುಂಚೆ ಮಂಕಿ ಕ್ಯಾಪು ಹಾಕಿಕೊಂಡು, ಒಂದೊಂದೇ ಕ್ಯಾನಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು, ನೀರು ಬೆರೆಸಿದವರ ಜೊತೆ ಜಗಳವಾಡಬೇಕು. ಅಲ್ಲಿಗೆ ಹೋದವರು ಗಂಟಲು ಕಳೆದುಕೊಂಡಿದ್ದರೇ ಹೊರತು ಯಾರೂ ಬಡ್ತಿ ಪಡೆದು ಬಂದಿರಲಿಲ್ಲ. ಗದಗಿನ ಕಡೆಯಿಂದ ಬಂದು, ಮುಂದಾಗುವುದನ್ನು ಲೆಕ್ಕ ಹಾಕಿ ಯಂತ್ರ ನಡೆಸುವ ವಿದ್ಯೆಗಾಗಿ ಒಂದು ವರ್ಷ ಕಣ್ಣು ಕೆಂಪು ಮಾಡಿಕೊಂಡಿದ್ದ ಫಕೀರಪ್ಪನಿಗೆ ಅದು ಉದ್ಯೋಗವಲ್ಲ, ಅವಮಾನ. ಅವನ ಮೂಗಿನ ತುದಿ ಕೆಂಪಾಯಿತು.

"ಸಂಜೀ ಮಟಾ ಯಾಕ್ರೀ? ನಾಲ್ಕರ ಚಾಕ್ಕ ಮಾಡಿ ತೋರಸ್ತೇನಿ. ಆಗಲಿಲ್ಲಂದ್ರ ನೀವು ಕಳಸೂದು ಬ್ಯಾಡ, ನಾನ ಹೆಸರಘಟ್ಟಕ್ಕ ನಡಕೋತ ಹೋಗ್ತೇನಿ."

ಇಷ್ಟು ಹೇಳಿ ಎದೆಯೆತ್ತಿಕೊಂಡು ತಿರುಗಿದವನು ನೊರೆಯಲ್ಲಿ ಜಾರಿ ಕೂತ. ಆದರೂ ಮಾತು ಮಾತೇ. ಕೂತಲ್ಲಿಂದಲೇ ಇನ್ನೊಮ್ಮೆ ಹೇಳಿದ.

ಅವನ ತೊಂದರೆ ಏನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಕಾರ್ಖಾನೆಯಲ್ಲಿ ಬಾಯ್ಲರ್ ಒಂದೇ. ಅದರ ಹಬೆ ಕುಡಿಯುವವರು ಇಬ್ಬರು: ಹಾಲು ಬತ್ತಿಸುವ ಹಂಡೆ, ಮತ್ತು ಬತ್ತಿದ ಹಾಲನ್ನು ಬಿಸಿಗಾಳಿಯಲ್ಲಿ ಪುಡಿ ಮಾಡುವ ಎತ್ತರದ ಗೋಪುರ. ಗೋಪುರ ಹೆಚ್ಚು ಹಬೆ ಎಳೆದರೆ ಹಂಡೆಯ ಹಾಲು ನೀರಾಗಿಯೇ ಉಳಿಯುತ್ತದೆ. ನೀರಾದ ಹಾಲು ಗೋಪುರಕ್ಕೆ ಹೋದರೆ ಪುಡಿ ಒದ್ದೆಯಾಗಿ ಗೋಡೆಗೆ ಅಂಟುತ್ತದೆ. ಗೋಪುರ ಎಳೆಯುವುದನ್ನು ನಿಲ್ಲಿಸಿದ ಕ್ಷಣ ಅಷ್ಟೂ ಹಬೆ ಹಂಡೆಗೆ ನುಗ್ಗಿ ಹಾಲು ಉಕ್ಕುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಳುತ್ತದೆ. ಆದ್ದರಿಂದ ಮುಂದಿನ ಅರ್ಧ ಗಂಟೆಯಲ್ಲಿ ಏನಾಗುತ್ತದೆ, ಯಾವ ವಾಲ್ವು ಎಷ್ಟು ತೆರೆಯಬೇಕು ಎಂದು ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿ ಹೇಳಬೇಕು. ಹಾಕುತ್ತಿತ್ತು, ಹೇಳುತ್ತಿತ್ತು. ಆದರೆ ಆ ಲೆಕ್ಕ ಮುಗಿಯುವ ಹೊತ್ತಿಗೆ ಅರ್ಧ ಗಂಟೆ ಕಳೆದುಹೋಗಿರುತ್ತಿತ್ತು.

ಅದು ಯಂತ್ರದ ಸೋಮಾರಿತನವಲ್ಲ. ಪಾಪ, ಅದು ಎರಡು ವಾಲ್ವನ್ನೂ ಪೂರ್ತಿ ಮುಚ್ಚಿದ್ದರಿಂದ ಹಿಡಿದು ಪೂರ್ತಿ ತೆರೆದದ್ದರ ತನಕ ಎಲ್ಲ ಜೋಡಿಗಳನ್ನೂ ಪರೀಕ್ಷಿಸಬೇಕಿತ್ತು. ಯಾರಿಗೆ ಸುಮಾರು ಎಷ್ಟು ಹಬೆ ಬೇಕು ಎಂಬುದು ಮೊದಲೇ ತಿಳಿದಿದ್ದರೆ ಹುಡುಕಾಟ ಕಡಿಮೆಯಾಗುತ್ತಿತ್ತು. ಅದನ್ನು ಹೇಳಬೇಕಾದವರು ಹಂಡೆಯ ಮೇಸ್ತ್ರಿ ಲಕ್ಕಣ್ಣ, ಗೋಪುರದ ಮೇಸ್ತ್ರಿ ಚಿಕ್ಕಮಾರಯ್ಯ. ಇಬ್ಬರೂ ಬೀಗರು. ಲಕ್ಕಣ್ಣನ ಮಗಳನ್ನು ಚಿಕ್ಕಮಾರಯ್ಯನ ಮಗನಿಗೆ ಕೊಟ್ಟಿತ್ತು. ಆ ಮದುವೆಯ ಊಟದಲ್ಲಿ ಗಂಡಿನ ಕಡೆಯ ಕೊನೆಯ ಪಂಕ್ತಿಗೆ ಒಬ್ಬಟ್ಟು ಬರುವಷ್ಟರಲ್ಲಿ ತುಪ್ಪ ಮುಗಿದಿತ್ತು. ಅಂದಿನಿಂದ ಇಬ್ಬರೂ ಪರಸ್ಪರ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ಅಷ್ಟು ಮರ್ಯಾದೆ ಇರುವ ಕಡೆ ನಿಜ ನಿಲ್ಲುವುದಿಲ್ಲ. ಒಬ್ಬ ಅರ್ಧ ಹಬೆ ಕೇಳಿದರೆ ಇನ್ನೊಬ್ಬ ಮುಕ್ಕಾಲು ಕೇಳುತ್ತಿದ್ದ. ಬಾಯ್ಲರ್ ನೋಡಿಕೊಳ್ಳುವ ಮುಜಫ್ಫರ್ ಇಬ್ಬರಿಗೂ "ಆಯ್ತು ಸಾಬ್" ಎಂದು ಹೇಳಿ ತನಗೆ ತೋಚಿದಷ್ಟು ಬಿಡುತ್ತಿದ್ದ.

ನಾಲ್ಕು ಗಂಟೆಯ ಪಂಥದ ಸುದ್ದಿ ಕಾರ್ಖಾನೆ ತುಂಬ ಹರಡಿತು. ಸಲಹೆ ಕೊಡಲು ಬಾರದವನೇ ಪಾಪಿ. ಸ್ಟೋರ್ಸಿನವನೊಬ್ಬ ಬಂದು, ತಂಪಿದ್ದಷ್ಟೂ ಕಂಪ್ಯೂಟರ್ ಬೇಗ ಓಡುತ್ತದೆ ಎಂದು ಏಸಿಯ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ. ಗುಂಡಿ ಕೈಗೇ ಬಂತು. ಮತ್ತೆ ಹಿಂದಕ್ಕೆ ತಿರುಗಲಿಲ್ಲ. ಇನ್ನೊಬ್ಬ ದೃಷ್ಟಿಯಾಗಿದೆ ಎಂದು ಪ್ರಿಂಟರಿಗೆ ನಿಂಬೆಹಣ್ಣು ಕಟ್ಟಿದ. ಅದು ಕಾಗದದ ಜೊತೆ ಒಳಗೆ ಹೋಗಿ ಪಿಚ್ಚನೆ ಒಡೆಯಿತು. ಫಕೀರಪ್ಪ ಹಲ್ಲು ಕಟಕಟಿಸುತ್ತ, ಅರ್ಧ ಚಳಿಗೆ ಅರ್ಧ ಸಿಟ್ಟಿಗೆ, ಬೀಜ ಒಂದೊಂದಾಗಿ ಹೆಕ್ಕಿ ತೆಗೆದ.

ಎಲ್ಲರಿಗಿಂತ ಹೆಚ್ಚು ಉಪಕಾರ ಮಾಡಿದವನು ಟೈಮ್ ಆಫೀಸಿನ ಪಂಚಪ್ಪ. ಅವನೂ ಗದಗಿನ ಕಡೆಯವನೇ. ತನ್ನ ಊರವನ ಕಷ್ಟ ಕಂಡು ಓಡಿಬಂದ.

"ಫಕೀರಣ್ಣ, ಹೆಂಗೂ ಹೋಗೂದು ಗ್ಯಾರಂಟಿ. ಬಿಸಲ ಏರೂದ್ರಾಗ ಸಾಮಾನ ಹೇರಸಿಬಿಡ್ತೇನಿ ತಗೋ. ಕಾರ್ಖಾನಿ ಲಾರಿ ಖಾಲಿ ನಿಂತೈತಿ."

"ಯಾರು ಹೇಳಿದ್ರೋ ನಿನಗ, ನಾ ಹೋಗ್ತೇನಂತ?"

"ಯಾರು ಯಾಕ ಹೇಳಬೇಕು. ಎಲ್ಲಾರೂ ಹೇಳಾಕತ್ತಾರ."

"ನಾ ಹೋಗಂಗಿಲ್ಲ. ಬರಕೋ. ಈ ಕೋಣಿ ಚಾವಿ ನನ್ನ ಕಿಸೇದಾಗ ಐತಿ, ಇಲ್ಲೇ ಇರತೈತಿ," ಎಂದು ಫಕೀರಪ್ಪ ಬಾಗಿಲು ಹಾಕಿಕೊಂಡ. ಪಂಚಪ್ಪನಿಗೆ ಬೇಸರವಾಗಲಿಲ್ಲ. ದುಃಖದಲ್ಲಿರುವವರು ಹಾಗೇ ಮಾತಾಡುತ್ತಾರೆ ಎಂದುಕೊಂಡು ಲಾರಿ ಹೊರಡಿಸಿದ.

ಬಾಗಿಲು ಹಾಕಿಕೊಂಡರೆ ಉತ್ತರ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಫಕೀರಪ್ಪ ಹೊರಬಿದ್ದು ನೆಟ್ಟಗೆ ಹಂಡೆಯ ಹತ್ತಿರ ಹೋದ.

"ಲಕ್ಕಣ್ಣಾರ, ಇವತ್ತೊಂದಿನಾ ಖರೇ ಹೇಳ್ರಿ. ನಿಮಗ ಎಷ್ಟು ಸ್ಟೀಮು ಬೇಕು?"

"ನಂಗಾ? ಮುಕ್ಕಾಲು ಭಾಗ."

"ಆಣಿ ಮಾಡಿ ಹೇಳ್ರಿ."

"ಆಣೆ ಮಾಡೋದಾದ್ರೆ ಪೂರ್ತಿ ಬೇಕು."

"ಮತ್ತ ನಿಮ್ಮ ಬೀಗರಿಗೆ?"

ಲಕ್ಕಣ್ಣ ಭಕ್ತಿಯಿಂದ ಗೋಪುರದ ಕಡೆ ನೋಡಿದ. "ಅವ್ರು ದೊಡ್ಡೋರು ಕಣ್ರೀ. ಅವ್ರಿಗ್ಯಾಕೆ ಸ್ಟೀಮು? ಕಾಲು ಭಾಗ ಕೊಟ್ರೂ ಅದ್ರಲ್ಲೇ ಪುಡಿ ಮಾಡಿ ಮಿಗಿಸ್ತಾರೆ."

ಗೋಪುರದ ಬುಡದಲ್ಲಿ ಚಿಕ್ಕಮಾರಯ್ಯನೂ ಅದೇ ಶ್ರುತಿಯಲ್ಲಿ ಹಾಡಿದ. "ನಂಗೆ ಮುಕ್ಕಾಲಾದ್ರೂ ಬೇಕು. ಬೀಗರಿಗಾ? ಅವ್ರ ಕೈಗುಣ ಗೊತ್ತಲ್ಲ, ತುಪ್ಪನೇ ಇಲ್ದೆ ಮದುವೆ ಮಾಡಿದೋರು. ಸ್ಟೀಮ್ ಇಲ್ದೆ ಆಲು ಬತ್ತಿಸೋದು ಅವ್ರಿಗೆ ಯಾವ ಲೆಕ್ಕ? ಕಾಲು ಸಾಕು."

ಫಕೀರಪ್ಪನ ತಲೆಯಲ್ಲಿ ದೀಪ ಹೊತ್ತಿತು. ಇವರು ತಮ್ಮದನ್ನು ಹೇಳುವಾಗ ಸುಳ್ಳು ಹೇಳುತ್ತಾರೆ ಎಂದ ಮೇಲೆ ಎದುರಿನವರದನ್ನು ಹೇಳುವಾಗ ನಿಜ ಹೇಳುತ್ತಿರಬೇಕು. ಹಂಡೆಗೆ ಚಿಕ್ಕಮಾರಯ್ಯ ಹೇಳಿದ್ದು, ಗೋಪುರಕ್ಕೆ ಲಕ್ಕಣ್ಣ ಹೇಳಿದ್ದು, ಎರಡನ್ನೂ ಕಂಪ್ಯೂಟರಿಗೆ ತುಂಬಿದ. ಹುಡುಕುವ ಕೆಲಸವೇ ಇಲ್ಲದಂತಾಗಿ ಉತ್ತರ ಚಟ್ ಎಂದು ಬಂತು. ಫಕೀರಪ್ಪ ಕೂತಲ್ಲೇ ಮೀಸೆಯ ಮೇಲೆ ಕೈ ಆಡಿಸಿದ. ಉತ್ತರದಂತೆ ಮುಜಫ್ಫರ್ ಎರಡೂ ವಾಲ್ವನ್ನು ಕಾಲು ಭಾಗಕ್ಕೆ ತಂದ.

ಊಟದ ಗಂಟೆ ಹೊಡೆಯುವ ಮುಂಚೆ ಎರಡೂ ಕಡೆ ಉಪವಾಸ ಬಿದ್ದಿತ್ತು. ಹಂಡೆಯ ಹಾಲು ಮಜ್ಜಿಗೆ ನೀರಿನಂತೆ ತೆಳ್ಳಗೆ ನಿಂತಿತು. ಅದು ಗೋಪುರಕ್ಕೆ ಹೋಗಿ, ಪುಡಿಯಾಗುವ ಬದಲು ಗೋಡೆಗೆಲ್ಲ ಗಂಜಿಯ ಹಾಗೆ ಮೆತ್ತಿಕೊಂಡಿತು. ಬಾಯ್ಲರ್ ಮಾತ್ರ ಕುಡಿಯುವವರಿಲ್ಲದೆ ಉಬ್ಬಿ ಸೀಟಿ ಹೊಡೆಯತೊಡಗಿತು. ಲಕ್ಕಣ್ಣ, ಚಿಕ್ಕಮಾರಯ್ಯ ಇಬ್ಬರೂ ಪಕ್ಕಪಕ್ಕದಲ್ಲಿ ಹೆಜ್ಜೆ ಹಾಕುತ್ತ ಕಂಪ್ಯೂಟರ್ ಕೋಣೆಗೆ ಬಂದರು.

"ಏನ್ ಬೀಗ್ರೇ, ಈವಯ್ಯ ನಮ್ಮಿಬ್ಬರನ್ನೂ ಕೆಡವೋಕೆ ಬಂದವ್ನೆ," ಎಂದ ಲಕ್ಕಣ್ಣ.

"ನೀವು ಏಳಿದ್ದು ಸರಿ ಬೀಗ್ರೇ," ಎಂದ ಚಿಕ್ಕಮಾರಯ್ಯ.

ಹಿಂದಿನಿಂದ ಬಂದ ಮುಜಫ್ಫರ್ ಬೆರಗಾಗಿ ನೋಡಿದ. "ಮದುವೆ ಆದ್ಮೇಲೆ ಇವರಿಬ್ರು ಒಂದೇ ಬಾಗಿಲಲ್ಲಿ ಬಂದಿದ್ದು ಇವತ್ತೇ ಸಾಬ್. ಮಷೀನ್ ಕೆಲಸ ಮಾಡ್ತಿದೆ."

ಅವರು ಹೋದ ಬೆನ್ನಿಗೇ ಫಕೀರಪ್ಪನ ಹೆಂಡತಿ ನೀಲಕ್ಕ ಊಟದ ಡಬ್ಬಿ ಹಿಡಿದು ಬಂದಳು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ ಸದ್ದಿಗೇ ಅವನು ಎದ್ದು ನಿಂತ.

"ಮನ್ಯಾಗಿನ ಅರ್ಧಾ ಸಾಮಾನ ಲಾರಿ ಏರ್ಯಾವ, ಗೊತ್ತೈತೇನ್ರೀ? ನಿಮ್ಮ ಪಂಚಪ್ಪ ನಿಂತು ಹೇರಸಾಕತ್ತಾನ. ಬಾಜೂಕಿನ ಮುನಿವೆಂಕಟಮ್ಮಾರು, ಹೆಂಗೂ ಹೋಗ್ತೀರಲ್ಲ ಅಂತ ಕುಂಬಳ ಬಳ್ಳಿ ಕೇಳಾಕತ್ತಾರ. ಹಿಂದಿನ ಮನಿಯವರು ಆಗಲೇ ನೀರಿನ ಹಂಡೆ ಒಯ್ದಾರ. ನಾವು ಎಲ್ಲಿಗೆ ಹೊಂಟೇವಿ ಅಂತ ಎಲ್ಲಾರಿಗೂ ಗೊತ್ತೈತಿ, ನನಗ ಗೊತ್ತಿಲ್ಲ."

ಫಕೀರಪ್ಪ ಒಂದೇ ಉಸಿರಿನಲ್ಲಿ ನಡೆದದ್ದೆಲ್ಲ ಹೇಳಿದ. ಕೊನೆಗೆ ತಲೆ ತಗ್ಗಿಸಿ, "ಒಂದ ಸಲಾ ಸೋತೇನಿ," ಎಂದ.

"ಸೋತ್ರ ಸೋಲ್ರಿ, ಅದು ನಿಮ್ಮ ಮಷೀನು, ನೀವು ನೋಡಕೋರಿ. ಸಂಜೀಕ ನಾ ಇದ ಮನ್ಯಾಗ ರೊಟ್ಟಿ ಬಡಿಯಾಕಿ. ಹೆಸರಘಟ್ಟಕ್ಕ ಬರಂಗಿಲ್ಲ. ಲಾರಿ ಮುಂದ ಟ್ರಂಕ್ ಇಟ್ಟು ಕುಂದರತೇನಿ, ಅದು ಹೆಂಗ ಹೊರಡತೈತಿ ನಾನೂ ನೋಡ್ತೇನಿ."

ಅವಳು ಹೋದ ಮೇಲೆ ಫಕೀರಪ್ಪ ರೊಟ್ಟಿಯ ತುಂಡು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದ. ಅವನಿಗೆ ಈಗ ಹೆದರಿಕೆಗಿಂತ ಹಟವೇ ಹೆಚ್ಚಾಗಿತ್ತು. ಮಾಲೀಕರು ಹಂಗಿಸಿದ್ದು, ಪಂಚಪ್ಪ ಲಾರಿ ಕಳಿಸಿದ್ದು, ಈ ಬೀಗರು ತನ್ನನ್ನು ಬಯ್ಯಲು ಒಂದಾಗಿದ್ದು, ಒಂದೊಂದೂ ಮೈ ಉರಿಸಿತು. ತನ್ನದನ್ನು ಹೇಳುವಾಗ ಮನುಷ್ಯ ಏರಿಸಿ ಹೇಳುತ್ತಾನೆ. ಬೀಗರದನ್ನು ಹೇಳುವಾಗ ಇಳಿಸಿ ಹೇಳುತ್ತಾನೆ. ಎರಡೂ ಸುಳ್ಳೇ. ಹಾಗಾದರೆ ನಿಜ ಎಲ್ಲಿಗೆ ಓಡಿಹೋದೀತು? ಈ ಎರಡು ಸುಳ್ಳುಗಳ ನಡುವೆಯೇ ಎಲ್ಲೋ ಕೂತಿರಬೇಕು. ಕಂಪ್ಯೂಟರ್ ಲೋಕವೆಲ್ಲ ಯಾಕೆ ಸುತ್ತಬೇಕು? ಬೇಲಿ ಹಾಕಿ, ಬೇಲಿಯೊಳಗೆ ಮಾತ್ರ ಹುಡುಕು ಎಂದರೆ ಮುಗಿಯಿತು. ಅಷ್ಟೇ ಅಲ್ಲ, ಹಂಡೆಯದನ್ನೂ ಗೋಪುರದ್ದನ್ನೂ ಒಂದೇ ಗಂಟಾಗಿ ಬಿಡಿಸುವ ಬದಲು, ಮೊದಲು ಹಂಡೆಯದು, ಅದನ್ನು ನೋಡಿ ಗೋಪುರದ್ದು, ಅದನ್ನು ನೋಡಿ ಮತ್ತೆ ಹಂಡೆಯದು, ಹೀಗೆ ಇಬ್ಬರೂ ಒಪ್ಪುವ ತನಕ ನಾಲ್ಕಾರು ಸಲ ಮಾತುಕತೆ ಮಾಡಿಸಿದರೆ ಸಾಕು. ಹೊರಗೆ ನಡೆಯದ ಬೀಗರ ಮಾತುಕತೆ ಯಂತ್ರದೊಳಗಾದರೂ ನಡೆಯಲಿ.

ರೊಟ್ಟಿ ಮರೆತು ಕೀಲಿಗಳ ಮೇಲೆ ಬಿದ್ದ.

ನಾಲ್ಕು ಗಂಟೆಗೆ ಪಿಳ್ಳಪ್ಪನವರು ಬಂದು, ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ವಲ್ಲಿಯನ್ನು ಚಳಿಗೆ ಕಿವಿಯ ಸುತ್ತ ಸುತ್ತಿಕೊಂಡು ಕೂತರು. ಬಾಗಿಲಲ್ಲಿ ಪಂಚಪ್ಪ, ಇಬ್ಬರು ಬೀಗರು, ಸ್ಟೋರ್ಸಿನವರು. ಸಂಜೆಯ ಹಾಲು ಹಂಡೆಗೆ ಇಳಿಯಿತು. ಚಹಾ ಬಂತು. ಮಾಲೀಕರು ಬಸಿಗೆ ಸುರಿದುಕೊಂಡು ಎರಡು ಸಲ ಊದುವಷ್ಟರಲ್ಲಿ ಪ್ರಿಂಟರ್ ಕಿರ್ರ್ ಎಂದಿತು.

"ಹಂಡೇದು ಸ್ವಲ್ಪ ಮುಚ್ಚರಿ, ಗೋಪುರದ್ದು ಸ್ವಲ್ಪ ತಗೀರಿ," ಎಂದು ಫಕೀರಪ್ಪ ಓದಿದ. "ಇನ್ನ ಕಾಲ ತಾಸಿಗೆ ಹಾಲು ಏರತೈತಿ, ಆದ್ರ ಉಕ್ಕಂಗಿಲ್ಲ."

ಎಲ್ಲರೂ ಹಂಡೆಯ ಹತ್ತಿರ ಓಡಿದರು. ಹೇಳಿದ ಹೊತ್ತಿಗೆ ಸರಿಯಾಗಿ ಹಾಲು ಮೇಲೆದ್ದಿತು. ಕಂಠದ ತನಕ ಬಂದು ಒಂದು ಗಳಿಗೆ ನಿಂತಿತು. ಲಕ್ಕಣ್ಣ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಹಾಲು ತಾನಾಗಿಯೇ ತಗ್ಗಿ ತಳತಳ ಕುದಿಯುತ್ತಿತ್ತು. ಗೋಪುರದ ಬುಡದಲ್ಲಿ ಪುಡಿ ಬೆರಳಿಗೆ ಅಂಟದಷ್ಟು ಒಣಗಿ ಸುರಿಯಿತು. ಒಂದು ಸಲವಲ್ಲ, ಮತ್ತೆ ಮತ್ತೆ ನೋಡಿದರು. ಪ್ರತಿ ಸಲವೂ ಯಂತ್ರ ಮೊದಲೇ ಹೇಳಿತು, ಹೇಳಿದಂತೆಯೇ ಆಯಿತು.

ಪಂಚಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಸಾಮಾನು ಇಳಿಸಲು ಆಳು ಕಳಿಸಿದ. ಪಿಳ್ಳಪ್ಪನವರು ಫಕೀರಪ್ಪನ ಬೆನ್ನು ತಟ್ಟಿದರು. ಆ ಹೊತ್ತಿಗೆ ಸುಮ್ಮನಿದ್ದಿದ್ದರೆ ಫಕೀರಪ್ಪ ಗೆದ್ದವನಾಗಿಯೇ ಮನೆಗೆ ಹೋಗುತ್ತಿದ್ದ. ಆದರೆ ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ನಾಲಿಗೆಗೆ ಬಂತು.

"ನಗತಿದ್ರೆಲ್ಲಾ, ಈಗ ನೋಡ್ರಿ ಸಾಹೇಬ್ರ. ಮುಂಜಾನಿ ಅರ್ಧಾ ತಾಸಿನಾಗ ಮುಗೀಲಾರದ್ದು ಈಗ ಒಂದ ಬಸಿ ಚಾದಾಗ ಮುಗೀತು. ಉಳದ ಹೊತ್ತೆಲ್ಲಾ ಮಷೀನು ಆರಾಮ ಕುಂತಿರತೈತಿ."

"ಸುಮ್ಕೆ ಕುಂತಿರ್ತದಾ?" ಎಂದರು ಪಿಳ್ಳಪ್ಪನವರು.

ಪಿಳ್ಳಪ್ಪನವರ ಮನೆಯಲ್ಲಿ ಸುಮ್ಮನೆ ಕೂತದ್ದು ಯಾವುದೂ ಉಳಿದಿರಲಿಲ್ಲ. ಉಳುಮೆ ಮುಗಿಸಿ ಬಂದ ಎತ್ತನ್ನು ಗಾಡಿಗೆ ಹೂಡಿ ಹೊಲದಿಂದ ಹೊಲಕ್ಕೆ ಬೆಳೆದವರು ಅವರು. ಏಸಿಯಲ್ಲಿ ತಿನ್ನದೆ ಕುಡಿಯದೆ ಕೂತಿರುವ ಯಂತ್ರವನ್ನು ಕಂಡ ಅವರು ಡ್ರೈವರನ್ನು ಕೂಗಿ ಮನೆಗೆ ಅಟ್ಟಿದರು. ಕಾರು ಕೊಡಿಗೇಹಳ್ಳಿಗೆ ಓಡಿತು. ವಾಪಸು ಬಂದಾಗ ಡ್ರೈವರಿನ ಕೈಯಲ್ಲಿ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ ಒಂದು ಫ್ಲಾಪಿ.

"ಡಬ್ಬ ಕೊಂಡಾಗ ಅಂಗಡಿಯೋನು ಪುಕ್ಕಟೆ ಕೊಟ್ಟಿದ್ದು. ಜಾತಕ ಕೂಡ್ಸೋದಂತೆ. ದೇವರ ಮನೇಲಿ ಇಟ್ಟಿದ್ದೆ. ಯಾವಾಗ್ ಕೇಳಿದ್ರೂ ನೀನು ಮಷೀನಿಗೆ ಬಿಡುವಿಲ್ಲ ಅಂತಿದ್ದೆ. ಈಗ ಬಿಡುವಾಯ್ತಲ್ಲ, ನಮ್ ಹುಡುಗಿದು ವಸಿ ನೋಡು."

"ಸಾಹೇಬ್ರ, ಇದು ಒಂದು ಹೊತ್ತಿಗೆ ಒಂದ ಕೆಲಸಾ ಮಾಡತೈತ್ರೀ. ಜಾತಕಾ ನೋಡೂ ಮುಂದ ಹಾಲು ನೋಡಂಗಿಲ್ಲ."

"ನಡುನಡುವೆ ನೋಡಪ್ಪ. ನೀನೇ ಏಳಿದ್ಯಲ್ಲ, ಒಂದು ಬಸಿ ಟೀ ಅಂತ."

ಫಕೀರಪ್ಪನ ಮಾತೇ ಅವನ ಕುತ್ತಿಗೆ ಹಿಡಿಯಿತು. ಕುಂಕುಮ ಒರೆಸಿ ಫ್ಲಾಪಿ ಹಾಕಿದ. ಮಾಲೀಕರ ಮಗಳಿಗೆ ಬಂದಿದ್ದ ಮೊದಲ ಗಂಡು ಕೂಡಲಿಲ್ಲ. ಅಷ್ಟರಲ್ಲಿ ಕಾರು ಹಿಡಿದು ಮಾಲೀಕರ ಹೆಂಡತಿ ಬಂದರು, ಅವರ ಹಿಂದೆ ಅತ್ತಿಗೆ, ಅತ್ತಿಗೆಯ ಹಿಂದೆ ಗಂಡು ಹುಡುಕುತ್ತಿದ್ದ ನಂಟರು. ಕೋಣೆಯ ಹೊರಗೆ ಚಪ್ಪಲಿಯ ರಾಶಿ ಬಿತ್ತು. ಎಲ್ಲರೂ ಏಸಿಯ ಚಳಿಗೆ ಸೆರಗು ಹೊದ್ದು ಸಾಲಾಗಿ ಕೂತರು. ಹಾಲಿನ ಲೆಕ್ಕ ಹಾಕಲು ಫಕೀರಪ್ಪ ಕೈ ಚಾಚಿದಾಗಲೆಲ್ಲ ಯಾರೋ ಒಬ್ಬರು "ಇದೊಂದು ಆಗಿಬಿಡ್ಲಿ ಕಣಪ್ಪ" ಎಂದರು.

ಅತ್ತ ಲೆಕ್ಕ ಬಾರದೆ ಬೀಗರು ಹಳೆಯ ಮರ್ಯಾದೆಗೆ ಮರಳಿದರು. ಚಿಕ್ಕಮಾರಯ್ಯ ಹಬೆ ಎಳೆದ, ಲಕ್ಕಣ್ಣ ಇನ್ನಷ್ಟು ಎಳೆದ, ಚಿಕ್ಕಮಾರಯ್ಯ ಮುನಿಸಿಕೊಂಡು ತನ್ನದನ್ನು ಪೂರ್ತಿ ಮುಚ್ಚಿಬಿಟ್ಟ. ಮುಜಫ್ಫರ್ ಏದುಸಿರು ಬಿಡುತ್ತ ಓಡಿಬಂದ.

"ಸಾಬ್, ಹಂಡೆ ಏರ್ತಾ ಇದೆ. ಲೆಕ್ಕ ಬೇಕು."

"ಏಳ್ರಿ ಎಲ್ಲಾರೂ," ಎಂದು ಫಕೀರಪ್ಪ ಎದ್ದ. "ಸಾಹೇಬ್ರ, ಜಾತಕಾ ನಿಲ್ಲಸ್ತೇನಿ."

"ಮುಟ್ಟಬ್ಯಾಡ. ಸಾಡೇಸಾತಿ ನೋಡ್ತಾ ಐತೆ, ಮಧ್ಯ ನಿಲ್ಸಬಾರದು," ಎಂದರು ಪಿಳ್ಳಪ್ಪನವರು ಪರದೆಯಿಂದ ಕಣ್ಣು ತೆಗೆಯದೆ.

ಹೊರಗೆ ಸುಯ್ ಎಂದು ಸದ್ದಾಯಿತು. ನೊರೆ ಅಂಗಳ ದಾಟಿ ಚಪ್ಪಲಿಗಳ ನಡುವೆ ನುಸುಳಿ ಹೊಸ್ತಿಲಿಗೆ ಬಂತು. ಸರಿಯಾಗಿ ಅದೇ ಹೊತ್ತಿಗೆ ಪ್ರಿಂಟರ್ ಕಿರ್ರ್ ಎಂದಿತು: ಜಾತಕ ಕೂಡಿದೆ.

ಫಕೀರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಕಿಸೆಯಿಂದ ಚಾವಿ ತೆಗೆದು ಮೇಜಿನ ಮೇಲೆ ಕುಕ್ಕಿದ. "ಸಾಕ್ರೀ. ನನ್ನ ವಿದ್ಯಾಕ್ಕ ಇಲ್ಲಿ ಇಷ್ಟ ಬೆಲಿ ಅಂದ್ರ ನನಗ ಈ ಕೋಣೀನ ಬ್ಯಾಡ. ಮುಂಜಾನಿಯಿಂದ ಹೋಗಂಗಿಲ್ಲ ಅಂತ ಬಡಿದಾಡೇನಿ, ಈಗ ನಾನ ಕೇಳಾಕತ್ತೇನಿ. ಹೆಸರಘಟ್ಟಕ್ಕ ಕಳಸ್ರಿ. ಲ್ಯಾಕ್ಟೋಮೀಟರ್ ಕೊಡ್ರಿ."

ಆದರೆ ಕೋಣೆಯಲ್ಲಿ ಯಾರೂ ಅವನನ್ನು ನೋಡುತ್ತಿರಲಿಲ್ಲ. ಮಾಲೀಕರ ಹೆಂಡತಿ ಹೊಸ್ತಿಲಿನ ನೊರೆಗೆ ಕೈಮುಗಿದು ನಿಂತಿದ್ದರು. ಅವರ ಕಣ್ಣಲ್ಲಿ ನೀರು.

"ನೋಡ್ರೀ, ಜಾತಕ ಕೂಡೋಕೂ ಆಲು ಉಕ್ಕೋಕೂ ಸರಿಯಾಯ್ತು. ಇದಕ್ಕಿಂತ ಶುಭ ಬೇಕಾ?"

ಪಿಳ್ಳಪ್ಪನವರು ಫಕೀರಪ್ಪನ ಎರಡೂ ಕೈ ಹಿಡಿದುಕೊಂಡರು. "ಎಸರಘಟ್ಟಕ್ಕಾ? ನಿನ್ನನ್ನಾ? ನಂಗೇನ್ ತಲೆ ಕೆಟ್ಟೈತಾ? ಅಲ್ಲಿಗೆ ಪಂಚಪ್ಪ ಓಗ್ತಾನೆ, ಲಾರಿ ಎಂಗೂ ಖಾಲಿ ಐತೆ. ನಾಳೆ ಬ್ಯಾಟರಾಯನಪುರದ ನಂಟರೆಲ್ಲ ಅವ್ರ ಮಕ್ಕಳ ಜಾತಕ ತಕ್ಕೊಂಡು ಬರ್ತಾರೆ. ನೀನೊಂದು ಕೆಲಸ ಮಾಡು. ಯಾವ ಜಾತಕ ಕೂಡ್ತದೋ ಅದು ಕೂಡೋ ಗಳಿಗೆಗೆ ಸರಿಯಾಗಿ ಹಾಲು ಉಕ್ಕೋ ಅಂಗೆ ಲೆಕ್ಕ ಹಾಕು. ಕಾರಿನ ಗಂಟ ಬ್ಯಾಡ, ಒಂದು ಬಿಂದಿಗೆಯಷ್ಟು ಸಾಕು. ಆದ್ರೆ ಮುಂಚೇನೂ ಉಕ್ಕಬಾರದು, ಆಮೇಲೂ ಉಕ್ಕಬಾರದು."

ಫಕೀರಪ್ಪನ ಕಣ್ಣಲ್ಲಿ ಒಂದು ಆಸೆ ಮಿನುಗಿತು. "ಆಗಲಿಲ್ಲಂದ್ರ ಹೆಸರಘಟ್ಟಕ್ಕ ಕಳಸ್ತೀರೇನ್ರೀ?"

"ಇಲ್ಲ ಕಣಪ್ಪ," ಎಂದು ಪಿಳ್ಳಪ್ಪನವರು ಪ್ರೀತಿಯಿಂದ ಚಾವಿಯನ್ನು ಅವನ ಕಿಸೆಗೆ ಹಾಕಿದರು. "ಆಗೋವರ್ಗೂ ಇಲ್ಲೇ ಇರ್ತೀಯ."